ಶನಿವಾರ ಹಳೇ ಸಿಸ್ಟಮ್ ಬಂದ್, ಸೋಮವಾರ ಹೊಸದು ಚಾಲೂ: ಒಂದೇ ಸಲಕ್ಕೆ ಬದಲಾಯಿಸುವವರಿಗೆ ಸಮಗ್ರ ಮಾರ್ಗದರ್ಶಿ

ಶನಿವಾರ ಸಂಜೆ ಆರಕ್ಕೆ ಹಳೇ ಬಿಲ್ಲಿಂಗ್ ಸಿಸ್ಟಮ್ ಬಂದ್. ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲ ಲಾರಿ ಗೇಟಿಗೆ ಬರುತ್ತದೆ, ಅಷ್ಟರಲ್ಲಿ ಹೊಸದರಲ್ಲಿ ಬಿಲ್ ಬರಬೇಕು. ನಡುವೆ ಇರುವುದು 37 ಗಂಟೆ.

ನಾನು ಹೋಲ್‌ಸೇಲ್ ವಿತರಣೆ ಮಾಡುವ ಕಂಪನಿಗಳಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡವನು. ಇಂಥ ಮೂರು ವಾರಾಂತ್ಯ ಕಂಡಿದ್ದೇನೆ. ಒಂದು ಕೆಟ್ಟಿತು, ಒಂದು ಕುಂಟುತ್ತಾ ದಡ ಸೇರಿತು, ಇನ್ನೊಂದು ಎಷ್ಟು ಸಲೀಸಾಗಿ ಮುಗಿಯಿತು ಅಂದ್ರೆ ಭಾನುವಾರ ಮಧ್ಯಾಹ್ನ ಹುಡುಗರು ಕ್ಯಾಂಟೀನಿನಲ್ಲಿ ಕೇರಂ ಆಡುತ್ತಾ ಕೂತಿದ್ದರು. ಮೂರೂ ರಾತ್ರಿ ನಾವು ಪಟ್ಟ ಶ್ರಮ ಹೆಚ್ಚುಕಮ್ಮಿ ಒಂದೇ. ಬೇರೆ ಇದ್ದದ್ದು ಅದಕ್ಕೂ ಮುಂಚಿನ ನಾಲ್ಕು ತಿಂಗಳು. ಅದಕ್ಕೇ ಇಲ್ಲಿ ಆ ರಾತ್ರಿಯ ಬಗ್ಗೆ ಕಡಿಮೆ, ಅದರ ಹಿಂದಿನ ದಿನಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ.

ನನ್ನ ಉದಾಹರಣೆ ಬಿಲ್ಲಿಂಗ್, ಸ್ಟಾಕ್, ಲೆಕ್ಕಪತ್ರದ್ದು. ನಿಮ್ಮದು ಆಸ್ಪತ್ರೆಯದ್ದೋ, ಸೊಸೈಟಿಯದ್ದೋ, ಕಾಲೇಜಿನದ್ದೋ ಆದರೂ ಹೆಜ್ಜೆಗಳು ಇವೇ.

1. ಒಂದೇ ಸಲಕ್ಕೆ ಮಾಡಲೇಬೇಕಾ?

ಬೇಕಿಲ್ಲದಿದ್ದರೆ ಮಾಡಬೇಡಿ. ಶಾಖೆಗಳಿಗೆ ಬೇರೆ ಬೇರೆ ಗೋಡೌನ್ ಇದ್ದು, ಒಂದರ ಸ್ಟಾಕಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ ಮೊದಲು ಚಿಕ್ಕ ಶಾಖೆ, ಆಮೇಲೆ ದೊಡ್ಡದು ಅಂತ ಹೋಗಿ. ಅದೇ ಸುರಕ್ಷಿತ.

ನಮ್ಮಲ್ಲಿ ಅದು ಆಗುವಂತಿರಲಿಲ್ಲ. ಬಿಲ್ ನಂಬರಿಗೆ ಎರಡು ಸರಣಿ ಇಟ್ಟುಕೊಳ್ಳಬಹುದಿತ್ತು, ಅದು ದೊಡ್ಡ ತೊಂದರೆ ಅಲ್ಲ. ತೊಂದರೆ ಸ್ಟಾಕಿನದು. ಗೋಡೌನ್ ಒಂದೇ. ಹಳೇ ಸಿಸ್ಟಮ್ 40 ಪೆಟ್ಟಿಗೆ ಇದೆ ಅಂತ ತೋರಿಸುತ್ತಿರುವಾಗ ಹೊಸದರಲ್ಲಿ ಕೂತವನು ಅದೇ 40ನ್ನು ಮಾರಿರುತ್ತಾನೆ. ಎರಡು ದೋಣಿಯಲ್ಲಿ ಕಾಲಿಟ್ಟು ಒಂದು ತಿಂಗಳು ನಡೆಸೋಣ ಅಂದರೆ ಎರಡು ಕಡೆ ಎಂಟ್ರಿ ಮಾಡುವ ಹುಡುಗಿಯರು ಮೂರನೇ ದಿನಕ್ಕೆ ಒಂದು ಕಡೆ ಬಿಟ್ಟೇ ಬಿಡುತ್ತಾರೆ. ಯಾವ ಕಡೆ ಬಿಟ್ಟರು ಅಂತ ನಿಮಗೆ ಗೊತ್ತಾಗುವುದು ತಿಂಗಳ ಕೊನೆಗೆ.

ಹಾಗಾಗಿ ಒಂದೇ ಪರೀಕ್ಷೆ: ಎರಡೂ ಸಿಸ್ಟಮ್ ಒಂದೇ ವಸ್ತುವನ್ನು, ಒಂದೇ ದುಡ್ಡನ್ನು ಮುಟ್ಟುತ್ತವಾ? ಮುಟ್ಟುತ್ತವೆ ಅಂದರೆ, ಮುಂದೆ ಓದಿ.

2. ದಿನ ಗೊತ್ತು ಮಾಡುವುದು

ಎಲ್ಲರ ಬಾಯಲ್ಲೂ ಮೊದಲು ಬರುವುದು ಏಪ್ರಿಲ್ 1. ಹೊಸ ಆರ್ಥಿಕ ವರ್ಷ, ಓಪನಿಂಗ್ ಬ್ಯಾಲೆನ್ಸ್ ಅಚ್ಚುಕಟ್ಟು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮಾರ್ಚ್ ಕೊನೆಯ ವಾರ ಸೇಲ್ಸ್‌ನವರು ಟಾರ್ಗೆಟ್ ಮುಟ್ಟಿಸಲು ಒದ್ದಾಡುತ್ತಿರುತ್ತಾರೆ, ಅಕೌಂಟ್ಸ್‌ನವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ, ಇಡೀ ವರ್ಷದಲ್ಲಿ ಅತಿ ಹೆಚ್ಚು ಬಿಲ್ ಆಗುವ ದಿನಗಳೇ ಅವು. ನಿಮಗೆ ಸಹಾಯ ಬೇಕಾದವರೆಲ್ಲ ಸುಸ್ತಾಗಿ ಬಿದ್ದಿರುವ ದಿನ ಯಾಕೆ ಆರಿಸುತ್ತೀರಿ? ನಾವು ಕೆಡಿಸಿಕೊಂಡದ್ದು ಏಪ್ರಿಲ್ 1ರಂದೇ.

ನನ್ನ ಆಯ್ಕೆ ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ವ್ಯಾಪಾರ ತಣ್ಣಗಿರುತ್ತದೆ. ಅದರಲ್ಲೂ ತಿಂಗಳ 20 ದಾಟಿದ ಮೇಲಿನ ವಾರಾಂತ್ಯ, ಯಾಕೆಂದರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳನ್ನು ತುಂಬುವ ಗಡಿಬಿಡಿ ಮುಗಿದಿರುತ್ತದೆ. ಯಜಮಾನರು ಒಪ್ಪಲಿಲ್ಲ. "ಆಷಾಢದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರೇನ್ರೀ?" ಅಂದರು. "ಡೇಟಾ ಆಷಾಢದಲ್ಲಿ ಹಾಕೋಣ ಸಾರ್, ಪೂಜೆ ಶ್ರಾವಣದಲ್ಲಿ ಇಟ್ಕೊಳ್ಳೋಣ" ಅಂದೆ. ಒಪ್ಪಿದರು. ಕೇರಂ ಆಡಿದ್ದು ಆ ಸಲವೇ.

3. ಹಳೇ ಸಿಸ್ಟಮ್ಮಿಗೆ ಏನೇನು ತಗುಲಿಕೊಂಡಿದೆ, ಪಟ್ಟಿ ಮಾಡಿ

ಇದನ್ನು ಕೂತಲ್ಲೇ ಮಾಡಬೇಡಿ. ನಡೆದು ಮಾಡಿ. ಗೇಟಿನಿಂದ ಶುರು ಮಾಡಿ ಗೋಡೌನ್, ಲೋಡಿಂಗ್ ಜಾಗ, ಕ್ಯಾಷ್ ಕೌಂಟರ್, ಅಕೌಂಟ್ಸ್, ಯಜಮಾನರ ಕೋಣೆ ತನಕ. ಪ್ರತಿಯೊಬ್ಬರ ಪಕ್ಕ ಅರ್ಧ ದಿನ ಸುಮ್ನೆ ಕೂತು ನೋಡಿ. "ನೀವು ಏನು ಮಾಡ್ತೀರಾ?" ಅಂತ ಕೇಳಿದರೆ ಮಾಡಬೇಕಾದ್ದನ್ನು ಹೇಳುತ್ತಾರೆ, ಮಾಡುವುದನ್ನಲ್ಲ.

ನಮ್ಮ ಗೋಡೌನ್ ಅಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ಒಡೆದ ಪೆಟ್ಟಿಗೆಯ ಲೆಕ್ಕ ಅವರು ಸಿಸ್ಟಮ್ಮಿಗೆ ಹಾಕುತ್ತಲೇ ಇರಲಿಲ್ಲ. ಸಿಗರೇಟ್ ಪ್ಯಾಕಿನ ಒಳಗಿನ ಬಿಳಿ ರಟ್ಟಿನಲ್ಲಿ ಬರೆದು ಮೊಳೆಗೆ ಸಿಕ್ಕಿಸಿ, ಶನಿವಾರಕ್ಕೊಮ್ಮೆ ಅಕೌಂಟ್ಸ್ ಮೇಡಂ ಕೈಗೆ ಕೊಡುತ್ತಿದ್ದರು. ಆ ಮೊಳೆಯನ್ನು ನಾನು ನೋಡಿದ್ದು ಎರಡನೇ ಸಲದ ತಯಾರಿಯಲ್ಲಿ. ಮೊದಲ ಸಲ ಸ್ಟಾಕ್ ತಾಳೆ ಆಗದೆ ಮೂರು ವಾರ ತಲೆ ಕೆಡಿಸಿಕೊಂಡಿದ್ದಕ್ಕೆ ಅರ್ಧ ಕಾರಣ ಆ ಮೊಳೆ.

ಪಟ್ಟಿಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಇವು: ಯಾರೋ ಬಿಟ್ಟುಹೋದ ಹುಡುಗ ಬರೆದಿಟ್ಟ ಎಕ್ಸೆಲ್ ಮ್ಯಾಕ್ರೋ, ಬ್ಯಾಂಕಿಗೆ ಹೋಗುವ ಪಾವತಿ ಫೈಲ್, ತೂಕದ ಯಂತ್ರ, ಇ-ವೇ ಬಿಲ್ (ಮಾಲು ಸಾಗಿಸಲು ಸರ್ಕಾರಿ ಪೋರ್ಟಲ್‌ನಲ್ಲಿ ಪಡೆಯುವ ಚೀಟಿ) ಕೊಂಡಿ, ಸೇಲ್ಸ್ ಹುಡುಗರಿಗೆ ರಾತ್ರಿ ಹೋಗುವ ಬಾಕಿ ಪಟ್ಟಿ, ಮತ್ತು ಪ್ರಿಂಟರ್. ಪ್ರಿಂಟರ್ ಬಗ್ಗೆ ಕೊನೆಯಲ್ಲಿ ಬೇರೆ ಹೇಳುತ್ತೇನೆ, ಅದೊಂದು ದೊಡ್ಡ ಕಥೆ.

4. ಡೇಟಾ ತೊಳೆಯುವುದು

ನಾಲ್ಕು ತಿಂಗಳಲ್ಲಿ ಎರಡು ತಿಂಗಳು ಇದಕ್ಕೇ ಇಡಿ. ಇದರಲ್ಲಿ ಅಡ್ಡದಾರಿ ಇಲ್ಲ.

ಮಂಜುನಾಥ ಸ್ಟೋರ್ಸ್ ಅನ್ನುವ ಹೆಸರಲ್ಲಿ ನಮ್ಮಲ್ಲಿ 14 ಗ್ರಾಹಕರಿದ್ದರು. ಅದರಲ್ಲಿ ನಾಲ್ಕು ಒಂದೇ ಅಂಗಡಿಯ ನಕಲು, ಉಳಿದ ಹತ್ತು ನಿಜವಾಗಿಯೂ ಬೇರೆ ಬೇರೆ ಊರಿನವು. ಹೆಸರು ನೋಡಿ ಕೂಡಿಸಲು ಹೊರಟ ಹುಡುಗ ಹದಿನಾಲ್ಕನ್ನೂ ಒಂದು ಮಾಡಿಟ್ಟಿದ್ದ. ಒಟ್ಟು ಬಾಕಿ ಪೈಸೆ ಸಮೇತ ತಾಳೆಯಾಗುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಗ್ರಾಹಕರನ್ನು ಹೆಸರಿನಿಂದ ಗುರುತಿಸಬೇಡಿ. ಜಿಎಸ್‌ಟಿ ನಂಬರ್ ಇದ್ದವರಿಗೆ ಆ 15 ಅಕ್ಷರವೇ ಗುರುತು. ಇಲ್ಲದ ಚಿಕ್ಕ ಅಂಗಡಿಗಳಿಗೆ ಫೋನ್ ನಂಬರ್ ಮತ್ತು ಊರು.

ಇನ್ನೊಂದು ನಮ್ಮ ಕನ್ನಡದವರಿಗೇ ಮೀಸಲಾದ ತಲೆನೋವು. ಹಳೇ ಸಿಸ್ಟಮ್‌ನಲ್ಲಿ ಹೆಸರು, ವಿಳಾಸ ಕನ್ನಡದಲ್ಲಿದ್ದರೆ ಅದು ಬಹುಶಃ ಹಳೇ ನುಡಿ ಫಾಂಟಿನ ಆಸ್ಕಿ ಕನ್ನಡ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು), ಎಲ್ಲ ಕಡೆ ಓದಬಲ್ಲ ಯೂನಿಕೋಡ್ ಅಲ್ಲ. ಫಾಂಟ್ ತೆಗೆದರೆ ಬರೀ ಗೀಚಿದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಪರಿವರ್ತಕ ಸಿಗುತ್ತವೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಅದು ರಕಾರವಾಗಿ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಇದನ್ನು ಸರಿಯಾಗಿ ಮಾಡದ ಪರಿವರ್ತಕದಲ್ಲಿ 'ಸೂರ್ಯ', 'ಕೀರ್ತಿ', 'ದುರ್ಗಾ' ಎಲ್ಲ ಮುರಿದು ಬೀಳುತ್ತವೆ. ಅರ್ಕಾವತ್ತು ಇರುವ ಹೆಸರುಗಳನ್ನೆಲ್ಲ ಬೇರೆ ತೆಗೆದು, ಕನ್ನಡ ಚೆನ್ನಾಗಿ ಬರುವ ಒಬ್ಬರನ್ನು ಕೂರಿಸಿ ಓದಿಸಿ. ನಮ್ಮಲ್ಲಿ ಅದಕ್ಕೆ ಒಂದು ವಾರ ಹಿಡಿಯಿತು.

5. ಮುಂಚೆ ಮಾಡಬಹುದಾದ್ದನ್ನೆಲ್ಲ ಮುಂಚೆಯೇ ಮಾಡಿ

1886ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ರೈಲುಹಳಿಯ ಅಗಲ ಬದಲಾಯಿತು. 5 ಅಡಿ ಇದ್ದದ್ದು 4 ಅಡಿ 9 ಇಂಚಿಗೆ ಬರಬೇಕಿತ್ತು. 11 ಸಾವಿರ ಮೈಲಿಗೂ ಜಾಸ್ತಿ ಹಳಿ, ಮೇ 31 ಮತ್ತು ಜೂನ್ 1, ಎರಡೇ ದಿನ. ಕೇಳಿದರೆ ಪವಾಡ ಅನಿಸುತ್ತದೆ. ಅವರು ಮಾಡಿದ್ದೇನೆಂದರೆ, ಎರಡು ಹಳಿಯಲ್ಲಿ ಒಂದನ್ನು ಮುಟ್ಟಲೇ ಇಲ್ಲ. ಇನ್ನೊಂದು ಮೂರು ಇಂಚು ಒಳಕ್ಕೆ ಬಂದು ಕೂರುವ ಜಾಗದಲ್ಲಿ ಮೊಳೆಗಳನ್ನು ವಾರಗಟ್ಟಲೆ ಮುಂಚೆಯೇ ಹೊಡೆದಿಟ್ಟಿದ್ದರು. ಹಳೇ ಮೊಳೆಗಳಲ್ಲಿ ಸಾಕಷ್ಟು ಮೊದಲೇ ಕಿತ್ತಿದ್ದರು. ಗಾಡಿಗಳ ಗಾಲಿಗಳನ್ನೂ ಹೊಸ ಅಳತೆಗೆ ಸಜ್ಜು ಮಾಡಿಟ್ಟಿದ್ದರು. ಆ ಎರಡು ದಿನಕ್ಕೆ ಉಳಿದದ್ದು ಹಳಿಯನ್ನು ತಳ್ಳುವುದು, ಬಿಗಿಯುವುದು.

ನಿಮ್ಮ ಕೆಲಸದಲ್ಲೂ ಮೊಳೆ ಯಾವುದು, ಹಳಿ ಯಾವುದು ಅಂತ ವಿಂಗಡಿಸಿ. ಸಾಮಾನಿನ ಪಟ್ಟಿ, ಗ್ರಾಹಕರ ಹೆಸರು, ತೆರಿಗೆ ದರ, ಬಳಸುವವರ ಲಾಗಿನ್, ಹಳೇ ವರ್ಷಗಳ ಬಿಲ್, ಇವೆಲ್ಲ ಮೊಳೆ. ಮೂರು ವಾರ ಮುಂಚೆಯೇ ಹೊಸದಕ್ಕೆ ಹಾಕಿ, ಆಮೇಲೆ ಬದಲಾದದ್ದನ್ನು ಮಾತ್ರ ಕೊನೆಗೆ ಸೇರಿಸಿ. ಆ ರಾತ್ರಿ ಸಾಗಬೇಕಾದದ್ದು ಸ್ಟಾಕಿನ ಸಂಖ್ಯೆ ಮತ್ತು ಗ್ರಾಹಕರ ಬಾಕಿ, ಎರಡೇ.

ಮೊದಲ ಸಲ ನಾವು ಹತ್ತು ವರ್ಷದ ಬಿಲ್‌ಗಳನ್ನು ಕೂಡ ಆ ರಾತ್ರಿಗೇ ಇಟ್ಟುಕೊಂಡಿದ್ದೆವು. ಯಾಕೆ ಅಂತ ಈಗ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

6. ರಿಹರ್ಸಲ್, ಗಡಿಯಾರ ಹಿಡಿದು, ಮೂರು ಸಲ

ಇದನ್ನು ಬಿಡುವುದಾದರೆ ಇಡೀ ಯೋಜನೆಯನ್ನೇ ಬಿಡಿ.

ರಿಹರ್ಸಲ್ ಅಂದರೆ ನೂರು ಸ್ಯಾಂಪಲ್ ಬಿಲ್ ಹಾಕಿ ನೋಡುವುದಲ್ಲ. ಪೂರ್ತಿ ಡೇಟಾ, ಅದೇ ಸರ್ವರ್, ಅದೇ ಜನ, ಶನಿವಾರ ಸಂಜೆ ಆರಕ್ಕೇ ಶುರು. ನಮ್ಮ ಲೆಕ್ಕದಲ್ಲಿ ಡೇಟಾ ಲೋಡಿಗೆ 4 ಗಂಟೆ ಇತ್ತು, ಮೊದಲ ರಿಹರ್ಸಲ್‌ನಲ್ಲಿ 11 ಗಂಟೆ ಆಯಿತು. ಟೇಬಲ್‌ಗಳ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ತೆಗೆಯದೆ ಲೋಡ್ ಮಾಡಿದ್ದೆವು, ಪ್ರತಿ ಸಾಲು ಬಿದ್ದಾಗಲೂ ಇಂಡೆಕ್ಸ್ ಹೊಸದಾಗಿ ಹೊಂದಿಸಿಕೊಳ್ಳುತ್ತಾ ಕೂತಿತ್ತು. ತೆಗೆದು ಲೋಡ್ ಮಾಡಿ ಕೊನೆಗೆ ಹಾಕಿದಾಗ ಮೂರೂಕಾಲು ಗಂಟೆಗೆ ಬಂತು. ಇದು ಗೊತ್ತಾಗಲು ಪೂರ್ತಿ ಡೇಟಾವೇ ಬೇಕು.

ಆಮೇಲೆ ಹೊರೆ. ಇಬ್ಬರು ಕೂತು ಬಿಲ್ ಮಾಡಿದಾಗ ಓಡುವ ಸಿಸ್ಟಮ್, ಸೋಮವಾರ ಬೆಳಿಗ್ಗೆ 60 ಜನ ಒಟ್ಟಿಗೆ ಲಾಗಿನ್ ಆದಾಗ ಮಲಗಬಹುದು. 2018ರ ಫೆಬ್ರವರಿ 1ರಂದು ಇಡೀ ದೇಶಕ್ಕೆ ಇ-ವೇ ಬಿಲ್ ಕಡ್ಡಾಯ ಮಾಡಿದಾಗ ಪೋರ್ಟಲ್ ಹೊರೆ ತಾಳದೆ ಕೈಕೊಟ್ಟಿತು, ಅದೇ ದಿನ ಮುಂದೂಡಿದರು. ಎರಡನೇ ಸಲ, ಏಪ್ರಿಲ್ 1ಕ್ಕೆ, ಮೊದಲು ಅಂತರರಾಜ್ಯ ಸಾಗಾಣಿಕೆಗೆ ಮಾತ್ರ. ರಾಜ್ಯದೊಳಗಿನದಕ್ಕೂ ಅವತ್ತೇ ಶುರು ಮಾಡಿದ್ದು ನಮ್ಮ ಕರ್ನಾಟಕ ಒಂದೇ. ಇಲ್ಲಿನವರಿಗೆ ರಾಜ್ಯದ್ದೇ ಇಂಥ ಹಳೇ ವ್ಯವಸ್ಥೆ ಇ-ಸುಗಮ್ ಬಳಸಿ ಅಭ್ಯಾಸ ಇತ್ತು, ಹೊಸದನ್ನೂ ತಿಂಗಳುಗಟ್ಟಲೆ ಮುಂಚೆಯೇ ಓಡಿಸಿ ನೋಡಿದ್ದರು.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನದು ಇನ್ನೂ ದುಬಾರಿ ಪಾಠ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 50 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ತಂದರು. ಡೇಟಾ ಸರಿಯಾಗೇ ಬಂದಿತ್ತು. ಆದರೆ ಬ್ಯಾಂಕ್ ತೆರೆದ ಮೇಲೆ ಹೊಸ ವ್ಯವಸ್ಥೆ ತಾಳಲಿಲ್ಲ, 19 ಲಕ್ಷ ಜನ ತಮ್ಮ ಖಾತೆ ನೋಡಲಾಗದೆ ಒದ್ದಾಡಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ಒಟ್ಟು 4.865 ಕೋಟಿ ಪೌಂಡ್ ದಂಡ ಹಾಕಿದರು. ಡೇಟಾ ಸಾಗುವುದು ಒಂದು, ಅದರ ಮೇಲೆ ಜನ ಓಡಾಡುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ರಿಹರ್ಸಲ್ ಬೇಕು.

ಇನ್ನೊಂದು ರೀತಿಯ ರಿಹರ್ಸಲ್ ನನಗೆ ತುಂಬಾ ಇಷ್ಟ. ಇಂಟರ್ನೆಟ್ಟಿನ ಅಜ್ಜ ಆರ್ಪಾನೆಟ್ 1983ರ ಜನವರಿ 1ರಂದು ಕಂಪ್ಯೂಟರುಗಳು ಮಾತಾಡಿಕೊಳ್ಳುವ ನಿಯಮದಲ್ಲಿ ಹಳೇ ಎನ್‌ಸಿಪಿ ಬಿಟ್ಟು ಟಿಸಿಪಿ/ಐಪಿಗೆ ಬಂತು. ದಿನಾಂಕ ಒಂದು ವರ್ಷಕ್ಕೂ ಮುಂಚೆ ಹೇಳಿದ್ದರು. ಆದರೂ ಜನ ಮೈಮರೆತು ಕೂತಿದ್ದರು, ಯಾವಾಗಲೂ ಕೂರುವ ಹಾಗೆ. 1982ರ ಮಧ್ಯದಲ್ಲಿ ಆ ಜಾಲ ನಡೆಸುವವರು ಎನ್‌ಸಿಪಿಯನ್ನು ಒಂದು ದಿನ ಆಫ್ ಮಾಡಿಬಿಟ್ಟರು. ಕೆಲವು ತಿಂಗಳ ನಂತರ ಮತ್ತೆ ಎರಡು ದಿನ. ಯಾರ್ಯಾರು ತಯಾರಿಲ್ಲ ಅಂತ ಅವರವರೇ ಕೂಗಿ ಹೇಳಿದರು. ನಾವೂ ಒಂದು ಶನಿವಾರ ಮಧ್ಯಾಹ್ನ ಹಳೇ ಸಿಸ್ಟಮ್ ಒಂದು ಗಂಟೆ ನಿಲ್ಲಿಸಿದೆವು. ಆರು ಫೋನ್ ಬಂತು. ಎರಡು ನಮ್ಮ ಪಟ್ಟಿಯಲ್ಲೇ ಇಲ್ಲದ ಕಡೆಯಿಂದ.

7. ನಿಮಿಷದ ಪಟ್ಟಿ

ಪ್ರತಿ ಕೆಲಸಕ್ಕೂ ಒಂದು ಸಾಲು. ನಮ್ಮದರಲ್ಲಿ ಒಂದು ಹೀಗಿತ್ತು:

ಶನಿವಾರ ರಾತ್ರಿ 9.15. ಗ್ರಾಹಕರ ಬಾಕಿ ಲೋಡ್. ಮಾಡುವವರು: ಡೇಟಾ ಹುಡುಗ. ಪಕ್ಕ ಕೂತು ನೋಡುವವರು: ಅಕೌಂಟ್ಸ್ ಮೇಡಂ. ಹಿಡಿಯುವ ಸಮಯ: 50 ನಿಮಿಷ. ಮುಗಿದದ್ದಕ್ಕೆ ಗುರುತು: ಗ್ರಾಹಕರ ಸಂಖ್ಯೆ ಎರಡೂ ಕಡೆ ಒಂದೇ, ಒಟ್ಟು ಬಾಕಿ ಪೈಸೆ ಸಮೇತ ಒಂದೇ, ಮೇಡಂ ಆರಿಸಿದ 30 ಗ್ರಾಹಕರ ಲೆಡ್ಜರ್ ಕಣ್ಣಾರೆ ನೋಡಿ ಸರಿ ಇದೆ. ಆಗದಿದ್ದರೆ: ಖಾಲಿ ಮಾಡಿ ಇನ್ನೊಮ್ಮೆ ಓಡಿಸುವುದು, ಆಗಲೂ ಆಗದಿದ್ದರೆ ನನಗೆ ಹೇಳುವುದು.

ಆ 30 ಗ್ರಾಹಕರು ಯಾಕೆ ಅಂತ ಮಂಜುನಾಥ ಸ್ಟೋರ್ಸ್ ಕಥೆ ಓದಿದವರಿಗೆ ಗೊತ್ತು. ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ಪೆನ್ನಿನಲ್ಲಿ ನಿಜವಾದ ಸಮಯ ಬರೆಯಿರಿ. ನೆಟ್ ಹೋದರೂ ಗೋಡೆ ಎಲ್ಲಿಗೂ ಹೋಗುವುದಿಲ್ಲ.

8. ವಾಪಸ್ ಬರುವ ದಾರಿ, ಅದಕ್ಕೊಂದು ಗಡುವು

ಇದು ಎಲ್ಲರೂ "ಇದೆ ಇದೆ" ಅನ್ನುವ, ಆದರೆ ಯಾರೂ ಲೆಕ್ಕ ಹಾಕಿರದ ವಿಷಯ.

ಸೋಮವಾರ ಏಳಕ್ಕೆ ಬಿಲ್ ಬೇಕು. ಹಳೇ ಸಿಸ್ಟಮ್ಮಿಗೆ ಮರಳಿ ಎಲ್ಲವನ್ನೂ ಜೋಡಿಸಿ ಪರೀಕ್ಷಿಸಲು ರಿಹರ್ಸಲ್‌ನಲ್ಲಿ 5 ಗಂಟೆ ಹಿಡಿದಿದೆ. (ಹೌದು, ವಾಪಸ್ ಬರುವುದನ್ನೂ ರಿಹರ್ಸಲ್ ಮಾಡಬೇಕು.) ಮೇಲೆ 2 ಗಂಟೆ ಕೈಯಲ್ಲಿರಲಿ. ಅಂದರೆ ಭಾನುವಾರ ರಾತ್ರಿ 12 ಗಡುವು. ಅಷ್ಟರಲ್ಲಿ ಹೊಸದು ಸರಿ ಇಲ್ಲದಿದ್ದರೆ ವಾಪಸ್. "ಇನ್ನರ್ಧ ಗಂಟೆ ಕೊಡಿ ಸಾರ್, ಸಿಕ್ಕಿತು" ಅನ್ನುವವನು ಆ ಹೊತ್ತಿಗೆ ಇದ್ದೇ ಇರುತ್ತಾನೆ. ಅವನು ಪ್ರಾಮಾಣಿಕ, ನಿಜವಾಗಿಯೂ ಸಿಕ್ಕಿತು ಅಂದುಕೊಂಡಿರುತ್ತಾನೆ. ನಮ್ಮ ಕೆಟ್ಟ ವಾರಾಂತ್ಯದಲ್ಲಿ ಅವನು ನಾನೇ ಆಗಿದ್ದೆ. ಅರ್ಧ ಗಂಟೆ ಐದು ಸಲ ಕೇಳಿದೆ, ಐದು ಸಲವೂ ಕೊಟ್ಟರು.

ಅದಕ್ಕೇ ನಿರ್ಧಾರ ಕೀಬೋರ್ಡ್ ಮುಂದೆ ಕೂತವನ ಕೈಯಲ್ಲಿ ಇರಬಾರದು. ಒಬ್ಬರೇ ನಿರ್ಧರಿಸಬೇಕು, ಅವರು ಸಂಜೆ ಚೆನ್ನಾಗಿ ನಿದ್ದೆ ಮಾಡಿ ಎದ್ದು ಬಂದಿರಬೇಕು. ಯಾವುದು ಕೆಟ್ಟಿದ್ದರೆ ವಾಪಸ್, ಯಾವುದು ಕೆಟ್ಟಿದ್ದರೂ ಮುಂದಕ್ಕೆ ಅನ್ನುವುದನ್ನು ಎರಡು ವಾರ ಮುಂಚೆ ಬರೆದು ಸಹಿ ಹಾಕಿಸಿ. ಬಾಕಿ ತಾಳೆ ಆಗಲಿಲ್ಲ: ವಾಪಸ್. ಇ-ವೇ ಬಿಲ್ ಹೋಗಲಿಲ್ಲ: ಪೋರ್ಟಲ್‌ನಲ್ಲಿ ಕೈಯಿಂದ ಮಾಡೋಣ, ಮುಂದಕ್ಕೆ. ಬಿಲ್ ಮೇಲೆ ಲೋಗೋ ಬರಲಿಲ್ಲ: ಆ ಬಗ್ಗೆ ಮಾತೇ ಬೇಡ.

ಇನ್ನೊಂದು ಗೆರೆ ಇದೆ. ಹೊಸದರಲ್ಲಿ ಮೊದಲ ನಿಜವಾದ ಬಿಲ್ ಆಗಿ ಲಾರಿ ಗೇಟ್ ದಾಟಿತು ಅಂದರೆ ವಾಪಸ್ ಬರುವ ದಾರಿ ಮುಚ್ಚುತ್ತಾ ಹೋಗುತ್ತದೆ. ಹತ್ತು ಬಿಲ್ ಆದರೆ ಕೈಯಿಂದ ಹಳೇದಕ್ಕೆ ಹಾಕಬಹುದು. ಮುನ್ನೂರು ಆದ ಮೇಲೆ ಮುಂದಕ್ಕೆ ಹೋಗುವುದೊಂದೇ ದಾರಿ.

9. ಅರ್ಧದಲ್ಲಿರುವ ಕೆಲಸ

ಬಿಲ್ ಆಗಿದೆ, ಮಾಲು ಹೋಗಿಲ್ಲ. ಮಾಲು ಬಂದಿದೆ, ಇಳಿಸಿಲ್ಲ. ಚೆಕ್ ಹಾಕಿದೆ, ಪಾಸಾಗಿಲ್ಲ. ಇವುಗಳೇ ಎರಡು ಸಿಸ್ಟಮ್‌ಗಳ ಸಂದಿಯಲ್ಲಿ ಬೀಳುವುದು. 2017ರ ಜೂನ್ 30ರ ಮಧ್ಯರಾತ್ರಿ ಜಿಎಸ್‌ಟಿ ಬಂದದ್ದು ನೆನಪಿದೆಯಲ್ವಾ? ಹಳೇ ತೆರಿಗೆ ಕಟ್ಟಿ ತಂದ ಮಾಲು ಅಂಗಡಿಯಲ್ಲೇ ಇತ್ತು, ಮಾರುವುದು ಹೊಸ ತೆರಿಗೆಯಲ್ಲಿ. ಆ ಹಳೇ ಕ್ರೆಡಿಟ್ ಹೊಸದಕ್ಕೆ ತರಲು ಟ್ರಾನ್-1 ಅಂತ ಬೇರೆ ಫಾರಂ ಬೇಕಾಯಿತು, ಅದರ ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ವರ್ಷಗಟ್ಟಲೆ ಎಳೆದದ್ದು ಹೊಸ ದರವಲ್ಲ, ಈ ಸಂದಿ.

ಸುಲಭದ ದಾರಿ ಎಂದರೆ ಸಂದಿಯನ್ನು ಖಾಲಿ ಮಾಡುವುದು. ಗುರುವಾರದಿಂದ ಹೊಸ ಆರ್ಡರ್ ನಿಧಾನ ಮಾಡಿ, ಶುಕ್ರವಾರ ಹೊರಗಿನಿಂದ ಬರುವ ಮಾಲು ನಿಲ್ಲಿಸಿ, ಶನಿವಾರ ಮಧ್ಯಾಹ್ನದೊಳಗೆ ಬಿಲ್ ಆದದ್ದನ್ನೆಲ್ಲ ಕಳಿಸಿಬಿಡಿ. ಉಳಿದ ಹತ್ತಿಪ್ಪತ್ತನ್ನು ಒಂದು ಹಾಳೆಯಲ್ಲಿ ಬರೆದು ಒಬ್ಬರ ಹೆಸರಿಗೆ ಕೊಡಿ. ಸೇಲ್ಸ್‌ನವರು ಗಲಾಟೆ ಮಾಡುತ್ತಾರೆ. ಮಾಡಲಿ.

10. ಆ ರಾತ್ರಿ

ಹಳೇದನ್ನು ಓದಲು ಮಾತ್ರ ಬಿಟ್ಟು ಬರೆಯುವುದನ್ನು ಬಂದ್ ಮಾಡಿ. ಬ್ಯಾಕಪ್ ತೆಗೆಯಿರಿ, ತೆಗೆದದ್ದನ್ನು ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಆಮೇಲೆ ಪಟ್ಟಿ ಹಿಡಿದು ಹೋಗಿ. ಹೊಸ ಐಡಿಯಾ ಯಾರಿಗೆ ಬಂದರೂ ಬರೆದಿಟ್ಟುಕೊಳ್ಳಲಿ, ಮಾಡುವುದು ಬೇಡ. ಎರಡು ಪಾಳಿ ಇರಲಿ, ಮೊದಲ ಪಾಳಿಯವರನ್ನು ಹನ್ನೆರಡಕ್ಕೆ ಬಲವಂತವಾಗಿ ಮನೆಗೆ ಕಳಿಸಿ. ಊಟ ಕ್ಯಾಂಟೀನಿಗೆ ಮೊದಲೇ ಹೇಳಿಡಿ.

11. ಸೋಮವಾರ ಬೆಳಿಗ್ಗೆ, ಮತ್ತೆ ಆ ಪ್ರಿಂಟರ್

ಕುಂಟುತ್ತಾ ದಾಟಿದ ಎರಡನೇ ಸಲ. ಡೇಟಾ ಸರಿ, ಹೊರೆ ಸರಿ. ಏಳೂ ಹತ್ತಕ್ಕೆ ಮೊದಲ ಬಿಲ್, ಲೋಡಿಂಗ್ ಜಾಗದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೋಯಿತು. ಅಲ್ಲಿ ಹಾಕಿದ್ದು ಮೂರು ಪ್ರತಿಯ, ಮೊದಲೇ ಅಚ್ಚಾದ ಅರ್ಧ ಪುಟದ ಕಾಗದ. ಹೊಸ ಸಿಸ್ಟಮ್ ಕಳಿಸಿದ್ದು ಪೂರ್ತಿ ಪುಟದ ಬಿಲ್. ಮೊತ್ತ ಒಂದು ಕಾಗದದಲ್ಲಿ, ತೆರಿಗೆ ಇನ್ನೊಂದರಲ್ಲಿ, ಕ್ಯೂಆರ್ ಕೋಡ್ ಬದಲು ಕಪ್ಪು ಮಸಿ. ಗೇಟಲ್ಲಿ ಒಂಬತ್ತು ಲಾರಿ ಸಾಲು. ಡ್ರೈವರ್ ಒಬ್ಬರು ಕಾಗದ ಬೆಳಕಿಗೆ ಹಿಡಿದು, "ಸಾರ್, ಇದು ಬಿಲ್ಲಾ ಜಾತಕಾನಾ?" ಅಂದರು. ಆಫೀಸಿನ ಲೇಸರ್ ಪ್ರಿಂಟರನ್ನು ಇಬ್ಬರು ಹೊತ್ತುಕೊಂಡು ಹೋಗಿ ಪೆಟ್ಟಿಗೆಗಳ ಮೇಲಿಟ್ಟು ಹತ್ತೂವರೆಗೆ ಲಾರಿ ಬಿಟ್ಟೆವು. ನಾವು ಪರೀಕ್ಷೆ ಮಾಡಿದ್ದೆಲ್ಲ ಆಫೀಸಿನ ಪ್ರಿಂಟರಿನಲ್ಲಿ.

ಹಾಗಾಗಿ ರಿಹರ್ಸಲ್‌ನ ಕೊನೆಯ ಸಾಲು "ಬಿಲ್ ಬಂತು" ಅಂತ ಇರಬಾರದು. "ಆ ಜಾಗದ, ಆ ಕಾಗದದ ಮೇಲೆ ಬಿಲ್ ಬಂತು, ಡ್ರೈವರ್ ಅದನ್ನು ಓದಿದರು" ಅಂತ ಇರಬೇಕು.

ಮೊದಲ ಎರಡು ವಾರ ಪ್ರತಿ ವಿಭಾಗದಲ್ಲೂ ಹೊಸದು ಚೆನ್ನಾಗಿ ಕಲಿತ ಒಬ್ಬರು ನಿಂತಿರಲಿ. ಕೂರುವುದಲ್ಲ, ನಿಂತಿರಲಿ. ದೂರುಗಳನ್ನು ಒಂದೇ ಪುಸ್ತಕದಲ್ಲಿ ಬರೆಸಿ, ಹತ್ತು ವಾಟ್ಸಾಪ್ ಗ್ರೂಪ್ ಬೇಡ.

12. ಹಳೇ ಸರ್ವರ್ ಆಫ್ ಮಾಡುವುದು

ಆತುರ ಬೇಡ. ಜಿಎಸ್‌ಟಿ ಕಾನೂನಿನಲ್ಲಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು. ಹಳೇ ಬಿಲ್‌ಗಳನ್ನು ಹೊಸದಕ್ಕೆ ತಂದಿಲ್ಲದಿದ್ದರೆ, ಹಳೇದನ್ನು ತೆರೆದು ಓದುವ ವ್ಯವಸ್ಥೆಯೂ ಅಷ್ಟು ಕಾಲ ಇರಲೇಬೇಕು.

ಆಫ್ ಮಾಡುವ ಮುಂಚೆ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತಿಡಿ, ಸರ್ವರ್ ಓಡುತ್ತಿರಲಿ. ಯಾರು ಕೂಗುತ್ತಾರೆ ನೋಡಿ. ಒಂದು ವಾರ ಸಾಲದು, ಒಂದು ತಿಂಗಳ ಕೊನೆ, ಒಂದು ತ್ರೈಮಾಸಿಕದ ಕೊನೆ ದಾಟಲಿ. ನಮ್ಮಲ್ಲಿ 40 ದಿನ ಯಾರೂ ಕೂಗಲಿಲ್ಲ. 41ನೇ ದಿನ ಯಜಮಾನರ ಮನೆಯಿಂದ ಫೋನ್. ಅಮ್ಮಾವರು ಎರಡು ತಿಂಗಳಿಗೊಮ್ಮೆ ಮನೆಯ ಕಂಪ್ಯೂಟರಿನಿಂದ ಗೋಡೌನಿನ ಬಾಡಿಗೆ ಲೆಕ್ಕ ನೋಡುತ್ತಿದ್ದರಂತೆ, ಹಳೇ ಸಿಸ್ಟಮ್‌ನಲ್ಲೇ. "ಏನಪ್ಪಾ, ಕರೆಂಟ್ ಇಲ್ವಾ ಅಲ್ಲಿ?" ಅಂದರು. ಕೇಬಲ್ ಚುಚ್ಚಿ, ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆ.